ಹೊಳೆಯ ಕೊಳೆ ತೊಳೆಯುವ ಜೀವಿಗಳು

ಕೊಣನೂರಿನಲ್ಲಿ ಹೊಳೆಗಿಳಿದಾಗ ಕಾಲು ಜಾರಿಸುವ ಕಲ್ಲಿನ ಲೋಳೆಯನ್ನು ಯಾರು ತಾನೇ ಬಯ್ಯುವುದಿಲ್ಲ? ಆದರೆ ಕಾವೇರಿಯ ಕೊಳೆ ತೊಳೆಯುವ ಆಳುಗಳಿರುವುದು ಆ ಲೋಳೆಯಲ್ಲಿ, ತಳದ ಕೆಸರಿನಲ್ಲಿ. ಬ್ಯಾಕ್ಟೀರಿಯಾ ಎಂದು ಇವಕ್ಕೆ ಹೆಸರು. ಬರಿಗಣ್ಣಿಗೆ ಕಾಣವು.

ನಮ್ಮ ರಾಗಿ, ಭತ್ತದಲ್ಲಿ ತಳಿಗಳಿರುವಂತೆ ಇವುಗಳಲ್ಲೂ ಬಗೆಬಗೆ. ಗಂಜಲದಿಂದ ಬಂದ ಅಮೋನಿಯವನ್ನು ಒಂದು ಬಗೆ ನೈಟ್ರೈಟ್ ಮಾಡಿದರೆ, ಅದನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಎಣ್ಣೆ ಒಡೆಯುವವು ಬೇರೆಯೇ. ಯಾವುದಕ್ಕೆ ಯಾವ ಕಸುಬು ಎಂಬುದು ಅದರ ವಂಶವಾಹಿಯಲ್ಲಿದೆ. ಸೋಜಿಗ ಕೇಳಿ: ಬಿತ್ತನೆ ಬೀಜವನ್ನು ನೆರೆಮನೆಗೆ ಕೊಟ್ಟ ಹಾಗೆ, ಕೆಲವು ಈ ಗುಣವನ್ನು ಪಕ್ಕದ ಜೀವಿಗೆ ದಾಟಿಸುತ್ತವೆ. ಕೊಟ್ಟವರಲ್ಲಿ ಅದು ತೀರುವುದೂ ಇಲ್ಲ! ಡಯಾಜಿನಾನ್ ಕೀಟನಾಶಕವನ್ನು ಒಡೆಯುವ ಬ್ಯಾಕ್ಟೀರಿಯಾ ಫಿಲಿಪ್ಪೀನ್ಸಿನ ಭತ್ತದ ಗದ್ದೆಯ ನೀರಿನಲ್ಲಿ ಸಿಕ್ಕಿದ್ದನ್ನು ವಿಜ್ಞಾನಿಗಳಾದ ಸೇತುನಾಥನ್ ಮತ್ತು ಯೋಶಿದಾ 1973ರಲ್ಲಿ ತಿಳಿಸಿದರು. ಅದರ ವಂಶವಾಹಿಯೇ ಮುಂದೆ ಅಮೆರಿಕದ ಬೇರೊಂದು ಜಾತಿಯಲ್ಲೂ ಕಂಡುಬಂತು.

ಹಾಗಾದರೆ ಸ್ಪ್ರೇಯರನ್ನು ಹೊಳೆಯಲ್ಲೇ ತೊಳೆಯಬಹುದಲ್ಲ, ಅಂತೀರಾ? ಖಂಡಿತ ಬೇಡಿ. ಇವುಗಳ ಕೆಲಸಕ್ಕೆ ದಿನಗಳು, ವಾರಗಳು ಬೇಕು. ಮೀನು ಸಾಯಲು ಅಷ್ಟು ಹೊತ್ತು ಬೇಡ. ಡಿಡಿಟಿಯಂಥದಂತೂ ಕೆಸರಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಸಗಣಿ, ಕೊಚ್ಚೆ ಅತಿಯಾದರೂ ಕಷ್ಟವೇ: ಅದನ್ನು ಒಡೆಯುವುದರಲ್ಲೇ ನೀರಿನ ಆಮ್ಲಜನಕ ಮುಗಿದು, ಹೊಳೆ ನಾರತೊಡಗುತ್ತದೆ.

ಔಷಧಿ ಹೊಡೆದಾದ ಮೇಲೆ ಸ್ಪ್ರೇಯರನ್ನು ಹೊಲದಲ್ಲೇ ತೊಳೆಯಿರಿ. ಆ ನೀರನ್ನು ಅದೇ ಬೆಳೆಗೆ ಹೊಡೆದುಬಿಡಿ. ಬಾವಿ, ಕಾಲುವೆ, ಹೊಳೆಯ ಹತ್ತಿರ ಮಾತ್ರ ಒಯ್ಯಬೇಡಿ.