ತನ್ನನ್ನೇ ಉಳುವ ಎರಿಗೆ ಇಷ್ಟೊಂದು ಕೆಸರೇಕೆ?

ಕಾಲುವೆಗೆ ನೀರು ಬಿಟ್ಟ ವಾರ ಸಿರುಗುಪ್ಪದ ದಾರಿಯಲ್ಲಿ ಬೈಕ್ ಓಡಿಸುವುದಕ್ಕೆ ಎದೆಗಾರಿಕೆ ಬೇಕು. ಗದ್ದೆಯಿಂದ ಗದ್ದೆಗೆ ದಾಟುವ ಟ್ರ್ಯಾಕ್ಟರುಗಳು ಹಸಿ ಎರಿಯನ್ನು, ಅಂದರೆ ಕಪ್ಪು ಮಣ್ಣನ್ನು, ರಸ್ತೆಯುದ್ದಕ್ಕೂ ಮೆತ್ತಿ ಹೋಗಿರುತ್ತವೆ. ಬ್ರೇಕ್ ಹಿಡಿದರೆ ಬಿದ್ದಂತೆಯೇ. ಕೆಸರಿಗೆಂದು ತೊಡಿಸಿದ ಕಬ್ಬಿಣದ ಕೇಜ್‌ವೀಲ್ ಬಿಚ್ಚುವಷ್ಟು ತಾಳ್ಮೆಯಿಲ್ಲದ ಚಾಲಕ ಹಾಗೆಯೇ ರಸ್ತೆಗೆ ಹತ್ತಿದ್ದರೆ, ಡಾಂಬರಿನ ಮೇಲೆ ಕಬ್ಬಿಣದ ಪಟ್ಟಿಗಳ ಗೀರು ಮುಂದಿನ ಮಳೆಗಾಲದವರೆಗೂ ಸಾಕ್ಷಿ ಹೇಳುತ್ತದೆ. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ನೀರು, ನೀರಿನಲ್ಲಿ ಗಿರಕಿ ಹೊಡೆಯುವ ಟ್ರ್ಯಾಕ್ಟರು, ಅದರ ಹಿಂದೆ ಕೊಕ್ಕರೆಗಳ ದಂಡು. ಒಂದು ಸಾಲು, ಎರಡು ಸಾಲು, ಅಡ್ಡ ಒಂದು, ಉದ್ದ ಒಂದು. ನೆಲ ಪಾಯಸದ ಹದಕ್ಕೆ ಬರುವವರೆಗೆ ಯಾರಿಗೂ ಸಮಾಧಾನವಿಲ್ಲ.

ನನಗೆ ಪ್ರತಿವರ್ಷ ಇದನ್ನು ನೋಡುವಾಗ ಒಂದೇ ಅನುಮಾನ. ಈ ನೆಲಕ್ಕೆ ಇಷ್ಟು ಉಪಚಾರ ಬೇಕಿತ್ತೆ?

ಅನುಮಾನಕ್ಕೆ ಕಾರಣ ಎರಿಯ ಸ್ವಭಾವ. ಇದರ ಜಿಗುಟು ಕಣಗಳಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರಿ ಹೊಲ ಬಾಯಿಬಿಟ್ಟಾಗ ಮೇಲಿನ ಹುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿದಾಗ ಒಳಗೆ ಜಾಗ ಸಾಲದೆ ಕೆಳಗಿನದು ಮೇಲಕ್ಕೆ ಒತ್ತಿಕೊಂಡು ಬರುತ್ತದೆ. ವರ್ಷವರ್ಷ ಇದೇ ನಡೆಯುತ್ತದೆ. ಅಂದರೆ ಎತ್ತಿಲ್ಲದೆ, ನೊಗವಿಲ್ಲದೆ ತನ್ನನ್ನು ತಾನೇ ಉತ್ತುಕೊಳ್ಳುವ ನೆಲ ಇದು. ಹಳಬರಿಗೆ ಈ ಗುಟ್ಟು ಗೊತ್ತಿತ್ತು. ಬಳ್ಳಾರಿ ಸೀಮೆಯ ಎರಿ ಹೊಲಗಳಲ್ಲಿ ಪ್ರತಿವರ್ಷ ನೇಗಿಲು ಹೂಡುವ ಪದ್ಧತಿಯೇ ಇರಲಿಲ್ಲ. ಕುಂಟೆ ಹೊಡೆದು ಮೇಲ್ಮಣ್ಣು ಕದಲಿಸಿ, ಕೂರಿಗೆ ಹಿಡಿದು ಜೋಳವನ್ನೋ ಹತ್ತಿಯನ್ನೋ ಬಿತ್ತಿದರೆ ಮುಗಿಯಿತು. ಕರಿಕೆ ಹುಲ್ಲು ಆಳಕ್ಕೆ ಬೇರುಬಿಟ್ಟಾಗ ಮಾತ್ರ ಕೆಲವು ವರ್ಷಕ್ಕೊಮ್ಮೆ ದೊಡ್ಡ ನೇಗಿಲಿನ ನೆನಪಾಗುತ್ತಿತ್ತು.

ಕಬ್ಬಿಣವನ್ನು ನೆಲಕ್ಕೆ ಇಳಿಸುವುದೆಂದರೆ ಆಗಿನವರಿಗೆ ಭಯವೂ ಇತ್ತು. 1903ರಲ್ಲಿ ಬೆಳಗಾವಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ, ಅದು ಭೂಮಿಗೆ ವಿಷ ಎಂದು ರೈತರು ಹತ್ತಿರ ಸುಳಿಯಲಿಲ್ಲವಂತೆ. ಮೂಢನಂಬಿಕೆ ಎಂದು ನಾವು ನಗುತ್ತೇವೆ. ಇವತ್ತು ಟನ್‌ಗಟ್ಟಲೆ ಕಬ್ಬಿಣ ಗದ್ದೆಗೆ ಇಳಿಯುವುದನ್ನು ನೋಡಿದ ಮೇಲೆ ನಗು ಸ್ವಲ್ಪ ಕಡಿಮೆಯಾಗುತ್ತದೆ.

ಹಾಗೆಂದು ಕೆಸರುಗದ್ದೆ ಇಲ್ಲಿಗೆ ಹೊಸದಲ್ಲ. ಸಿರುಗುಪ್ಪ, ದೇಶನೂರುಗಳಲ್ಲಿ ತುಂಗಭದ್ರೆಗೆ ವಿಜಯನಗರದ ಕಾಲದಲ್ಲೇ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದಿದ್ದರು. ಹೊಳೆಯ ದಂಡೆಗುಂಟ ಒಂದು ಹಸಿರು ಪಟ್ಟಿ ಶತಮಾನಗಳಿಂದ ಭತ್ತ ಬೆಳೆಯುತ್ತಿತ್ತು. ಆದರೆ ಅದು ಪಟ್ಟಿ ಮಾತ್ರ. ಹೊಳೆ ಬಿಟ್ಟು ಒಳಗೆ ಬಂದರೆ ಜೋಳದ ಸೀಮೆ. 1876–78ರ ಬರದಲ್ಲಿ ಬೆಂದುಹೋದ ಸೀಮೆಯೂ ಇದೇ.

ಆ ಬರದ ನೆನಪೇ ಮುಂದೆ ತುಂಗಭದ್ರಾ ಅಣೆಕಟ್ಟಿನ ಬೇಡಿಕೆಯಾಯಿತು. ಗಮನಿಸಬೇಕಾದ ಒಂದು ಸಂಗತಿ: ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಸಿರುಗುಪ್ಪದಲ್ಲಿ ಮದ್ರಾಸು ಸರ್ಕಾರ ಕೃಷಿ ಸಂಶೋಧನಾ ಕೇಂದ್ರ ತೆರೆದದ್ದು ಅದಕ್ಕೂ ಮೊದಲು, 1937ರಲ್ಲಿ. ನೀರು ಬರುವ ಮುಂಚೆಯೇ, ಬಂದರೆ ಎರಿ ತಡೆದೀತೇ ಎಂದು ಕೇಳಿನೋಡುವ ವಿವೇಕ ಆಗ ಇತ್ತು. ಕಾಲುವೆಯ ನಕ್ಷೆ ಬರೆದವರೂ ಈ ನೆಲದ ತುಂಬ ಭತ್ತವನ್ನು ಕನಸಿದವರಲ್ಲ. ಬರಪೀಡಿತ ಸೀಮೆಗೆ ನೀರನ್ನು ತೆಳುವಾಗಿ ಹರಡಬೇಕು, ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆ ಉಳಿಯಬೇಕು, ಭತ್ತ ಒಂದಿಷ್ಟು ಮಾತ್ರ. ಲೆಕ್ಕ ಇದ್ದದ್ದು ಹೀಗೆ.

1953ರಲ್ಲಿ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನೀರಿನ ಹಿಂದೆಯೇ ಕೃಷ್ಣಾ, ಗೋದಾವರಿ ಮುಖಜ ಭೂಮಿಯ ರೈತರು ಬಂದರು. ಅಲ್ಲಿನ ತುಂಡು ಗದ್ದೆ ಮಾರಿದ ಹಣಕ್ಕೆ ಇಲ್ಲಿ ಅಗಲವಾದ ಎರಿ ಸಿಗುತ್ತಿತ್ತು. ಅವರು ಬೀಡುಬಿಟ್ಟ ಜಾಗಗಳಿಗೆ ಕ್ಯಾಂಪು ಎಂಬ ಹೆಸರು ಇಂದಿಗೂ ಉಳಿದಿದೆ. ಅವರ ಜೊತೆ ಬಂದದ್ದು ದುಡಿಮೆ, ಭತ್ತದ ತಿಳಿವಳಿಕೆ, ಮತ್ತು ದಮ್ಮು. ಗದ್ದೆಯನ್ನು ಕೆಸರು ಮಾಡುವುದಕ್ಕೆ ತೆಲುಗಿನ ಮಾತು ಅದು. ಕ್ಯಾಂಪಿನವರ ಗದ್ದೆ ನೋಡಿ ಊರಿನವರೂ ಕುಂಟೆ ಮೂಲೆಗಿಟ್ಟರು. ಅರೆನೀರಾವರಿಯ ಲೆಕ್ಕ ಕಾಗದದಲ್ಲಿ ಉಳಿಯಿತು. ಮೇಲ್ಭಾಗದವರ ಗದ್ದೆ ತುಂಬಿದ ಮೇಲೆ ಮಿಕ್ಕಿದ್ದು ಕೊನೆಭಾಗದವರಿಗೆ.

ಎತ್ತು, ಕೋಣಗಳ ಕಾಲದಲ್ಲಿ ದಮ್ಮಿಗೊಂದು ಮಿತಿ ತಾನಾಗಿಯೇ ಇತ್ತು. ಮೊಣಕಾಲುದ್ದ ಕೆಸರಿನಲ್ಲಿ ಎತ್ತು ಎಷ್ಟು ಸುತ್ತು ತಿರುಗೀತು? ಆ ಮಿತಿಯನ್ನು ಒಡೆದದ್ದು ಟ್ರ್ಯಾಕ್ಟರು, ಅದಕ್ಕಿಂತ ಹೆಚ್ಚಾಗಿ ರೊಟಾವೇಟರು. ಆಸ್ಟ್ರೇಲಿಯಾದ ಹಳ್ಳಿಯೊಂದರ ಯುವಕ ಆರ್ಥರ್ ಕ್ಲಿಫರ್ಡ್ ಹೊವರ್ಡ್ 1912ರ ಸುಮಾರಿಗೆ ತಿರುಗುವ ಬ್ಲೇಡುಗಳಿಂದ ಮಣ್ಣು ಕೊಚ್ಚುವ ಯಂತ್ರದ ಪ್ರಯೋಗ ಶುರುಮಾಡಿದ. ಅವನ ಗುರಿ ಒಣ ನೆಲ. ಆ ಯಂತ್ರದ ಮೊಮ್ಮಕ್ಕಳು ಈಗ ಸಿರುಗುಪ್ಪದ ನೀರಿನಲ್ಲಿ ಈಜುತ್ತಿದ್ದಾರೆ.

ಇದೇ ಕುಲದ ಇನ್ನೊಂದು ದಾಯಾದಿ ಹಿಮದ ಮೇಲಿದೆ ಎಂದರೆ ನಂಬುವುದು ಕಷ್ಟ. ಇಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತಿಗೇ, 1950ರ ದಶಕದ ಆರಂಭದಲ್ಲಿ, ಅಮೆರಿಕದ ಕೊಲರಾಡೊದ ವಿಂಟರ್ ಪಾರ್ಕ್‌ನಲ್ಲಿ ಸ್ಟೀವ್ ಬ್ರಾಡ್ಲಿ ಎಂಬಾತ ಸ್ಕೀ ಜಾರುದಾರಿ ಸಮ ಮಾಡಲು ಒಂದು ರೋಲರ್ ಕಟ್ಟಿದ. ಸ್ಕೀ ತೊಟ್ಟವನೊಬ್ಬ ಅದನ್ನು ಬೆನ್ನಿಗೆ ಹಿಡಿದು ಇಳಿಜಾರಿನಲ್ಲಿ ಇಳಿಯಬೇಕು. ಅದರ ಪಟ್ಟಿ ದಿಬ್ಬಗಳನ್ನು ಕೆರೆದರೆ ರೋಲರು ಹಿಮವನ್ನು ಅದುಮುತ್ತದೆ. ಈಗ ಆ ಕೆಲಸಕ್ಕೆ ಚೈನಿನ ಮೇಲೆ ಓಡುವ ದೈತ್ಯ ವಾಹನಗಳಿವೆ. ಅವುಗಳ ಹಿಂದೆ ತಿರುಗುವುದು ಹಲ್ಲುಗಳ ಉರುಳೆ, ನಮ್ಮ ರೊಟಾವೇಟರಿನ ಹಿಮದ ಅವತಾರ. ಬೆಳಗಾದರೆ ಗುಡ್ಡದ ಮೈ ಬಾಚಣಿಗೆಯಲ್ಲಿ ಬಾಚಿದಂತೆ ನುಣ್ಣಗೆ. ಹೊಸಬರಿಗೆ ಖುಷಿ, ಹಳಬರಿಗೆ ಸಿಟ್ಟು. ಗುಡ್ಡದ ಉಬ್ಬುತಗ್ಗು ಅಳಿಸಿದರೆ ಜಾರುವ ಕಲೆಯೇನು ಉಳಿಯಿತು, ನುಣುಪಾದಷ್ಟೂ ವೇಗ ಹೆಚ್ಚಿ ಡಿಕ್ಕಿಯಾಗದೆ ಇದ್ದೀತೇ ಎಂಬ ಜಗಳ ಅಲ್ಲಿ ನಿಂತಿಲ್ಲ. ಅಲ್ಲಿನ ನಷ್ಟ ಆಟದ ಮಜಾದ್ದು. ನಮ್ಮದು ಹೊಟ್ಟೆಪಾಡಿನದು.

ಕೆಸರು ಮಾಡುವುದರಲ್ಲಿ ಅರ್ಥವಿಲ್ಲ ಎನ್ನಲಾರೆ. ಮಣ್ಣಿನ ರಂಧ್ರ ಮುಚ್ಚಿ ನೀರು ಇಂಗದೆ ನಿಲ್ಲುತ್ತದೆ, ಕಳೆ ಮುಳುಗಿ ಕೊಳೆಯುತ್ತದೆ, ನಾಟಿ ಮಾಡುವವರ ಬೆರಳಿಗೆ ನೆಲ ಮೆತ್ತಗೆ ಸಿಗುತ್ತದೆ. ಮಸಾರಿ ಎಂಬ ಕೆಂಪು ನೆಲದಲ್ಲಿ ಭತ್ತ ಹಾಕುವವನಿಗೆ ಇದು ಬೇಕೇಬೇಕು, ಇಲ್ಲದಿದ್ದರೆ ನೀರು ಜರಡಿಗೆ ಸುರಿದಂತೆ. ಆದರೆ ಎರಿ ಒಮ್ಮೆ ನೆನೆದು ಉಬ್ಬಿತೆಂದರೆ ಅದರ ಬಾಯಿ ಅದೇ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಬಾಗಿಲಿಗೆ ಮೂರು ಸಲ ಬೀಗ ಹಾಕಿದ ಹಾಗೆ ನಮ್ಮ ಕೆಲಸ. ವರ್ಷಕ್ಕೆರಡು ಬೆಳೆ, ಬೆಳೆಗೆ ಮೂರು ನಾಲ್ಕು ಸಾಲು. ಕೆಸರಿನ ತಳದಲ್ಲಿ ಗೇಣುದ್ದಕ್ಕೆ ಒಂದು ಗಟ್ಟಿ ಪದರ ಕೂರುತ್ತದೆ, ಕೊಯ್ಲಿಗೆ ಬಂದ ಚೈನ್ ಹಾರ್ವೆಸ್ಟರು ಅದನ್ನು ಇನ್ನಷ್ಟು ಅದುಮುತ್ತದೆ. ಭತ್ತ ತೆಗೆದು ಕಡಲೆ ಬಿತ್ತೋಣವೆಂದರೆ ನೆಲ ಇಟ್ಟಿಗೆಯಂಥ ಹೆಂಟೆ. ಹೆಂಟೆ ಒಡೆಯಲು ಮತ್ತೆ ರೊಟಾವೇಟರು. ನೀರು ನಿಂತು ನಿಂತು ಚೌಳು ಹತ್ತಿದ ತಗ್ಗಿನ ಹೊಲಗಳದ್ದು ಬೇರೆಯೇ ಗೋಳು.

ದಮ್ಮು ಬಿಡುವುದೇಕೆ ಕಷ್ಟ? ಒಂದು, ಕಳೆಯ ಹೆದರಿಕೆ. ಎರಡನೆಯದು ಮಾನದ ಪ್ರಶ್ನೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದವನ ಗದ್ದೆ ಕನ್ನಡಿಯಂತಿರುವಾಗ ನನ್ನದು ಹೆಂಟೆಹೆಂಟೆಯಾಗಿದ್ದರೆ ಬದುವಿನ ಮೇಲೆ ಹೋಗುವವರು ಏನೆಂದಾರು?

ಆದರೂ ಕೂರಿಗೆ ಮರಳಿ ಬಂದಿದೆ, ಟ್ರ್ಯಾಕ್ಟರಿನ ಹಿಂದೆ. ಲೇಸರ್ ಹಿಡಿದು ನೆಲವನ್ನು ಒಮ್ಮೆ ಮಟ್ಟಮಾಡಿ, ಮಳೆ ಬಿದ್ದಾಗ ಒಣ ಎರಿಯಲ್ಲೇ ಭತ್ತ ಬಿತ್ತುವ ನೇರ ಬಿತ್ತನೆಯನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹಬ್ಬಿಸಿದೆ. ಸಸಿಮಡಿ ಇಲ್ಲ, ದಮ್ಮಿಲ್ಲ, ನಾಟಿಯ ಆಳಿಗೆ ಕಾಯುವುದಿಲ್ಲ. ಕಾಲುವೆ ನೀರು ಬರುವ ಹೊತ್ತಿಗೆ ಪೈರು ಎದ್ದಿರುತ್ತದೆ. ಮೊದಲ ತಿಂಗಳು ಕಳೆಯ ಜೊತೆ ಗುದ್ದಾಡಬೇಕು, ಕಳೆನಾಶಕದ ಖರ್ಚು ನಿಜ. ಕೆಲವರು ಒಂದು ವರ್ಷ ಮಾಡಿ ಕೈಬಿಟ್ಟದ್ದೂ ಅದಕ್ಕೇ. ಆದರೆ ಕೊನೆಭಾಗದವನಿಗೆ ಉಳಿದ ನೀರೇ ದೊಡ್ಡದು. ಕುರುಗೋಡಿನ ಕಡೆ ಎರಿಯಲ್ಲಿ ಮೆಣಸಿನಕಾಯಿ, ಹತ್ತಿ ಹಿಡಿದವರು ಈ ಚರ್ಚೆಗೇ ಬರುವುದಿಲ್ಲ. ಅವರ ಗಿಡಕ್ಕೆ ನೆಲ ಉಸಿರಾಡುತ್ತಿರಬೇಕು. ಒಂದೇ ಕಾಲುವೆ, ಒಂದೇ ಮಣ್ಣು, ಎರಡು ಬಗೆಯ ಬಾಳ್ವೆ.

ಈ ನಡುವೆ ಕಾಲುವೆಯೇ ಕೈಕೊಟ್ಟಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಎಲ್ಲ 33 ಗೇಟುಗಳನ್ನೂ ಬದಲಿಸಬೇಕಾದ್ದರಿಂದ 2025–26ರ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಬಳ್ಳಾರಿಯ ಟ್ರ್ಯಾಕ್ಟರ್ ಅಂಗಡಿಗಳ ಮುಂದೆ ಕೆಂಪು, ಹಸಿರು ಬಣ್ಣದ ರೊಟಾವೇಟರುಗಳು ಸಾಲಾಗಿ ನಿಲ್ಲುವ ಬೇಸಿಗೆಯಲ್ಲಿ, ನೀರಿಲ್ಲದ ಎರಿ ಮಾಡುವ ಕೆಲಸ ಒಂದೇ. ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು, ಏಪ್ರಿಲ್ ಹೊತ್ತಿಗೆ ಅಂಗೈ ಇಳಿಯುವಷ್ಟು ಬಿರುಕು. ಸಂಜೆಯ ಗಾಳಿಗೆ ಅಂಚಿನ ಹುಡಿ ಒಳಗೆ ಉದುರುತ್ತದೆ.