ಟ್ರ್ಯಾಕ್ಟರ್ ಟ್ರೇಲರ್‌ಗೆ ಗಾಳಿ ಬ್ರೇಕ್ ಜೋಡಣೆ: ಮಾಲೀಕರ ಮತ್ತು ಚಾಲಕರ ಗಮನಕ್ಕೆ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಭತ್ತವನ್ನು ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಸಾಗಿಸಲಾಗುತ್ತದೆ. ಟ್ರೇಲರ್‌ಗೆ ಪ್ರತ್ಯೇಕ ಬ್ರೇಕ್ ಇಲ್ಲದಿದ್ದಲ್ಲಿ, ಇಳಿಜಾರಿನಲ್ಲಿ ಹೊರೆಯ ಭಾರವು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ವಾಹನ ಮಗುಚುವ ಸಂಭವವಿರುತ್ತದೆ.

ವ್ಯವಸ್ಥೆಯ ಸ್ವರೂಪ

ಎಂಜಿನ್‌ನಿಂದ ನಡೆಯುವ ಕಂಪ್ರೆಸರ್ ಗಾಳಿಯನ್ನು ಟ್ಯಾಂಕಿನಲ್ಲಿ ಸಂಗ್ರಹಿಸುತ್ತದೆ. ಎರಡು ಪೈಪುಗಳ ವ್ಯವಸ್ಥೆಯಲ್ಲಿ ಕೆಂಪು ಗುರುತಿನ ಪೈಪು ಟ್ರೇಲರ್‌ನ ಟ್ಯಾಂಕಿಗೆ ಗಾಳಿ ತುಂಬಿಸುತ್ತದೆ. ಚಾಲಕನು ಪೆಡಲ್ ಒತ್ತಿದಾಗ ಹಳದಿ ಗುರುತಿನ ಪೈಪಿನ ಒತ್ತಡದಿಂದ ಟ್ರೇಲರ್‌ನ ಬ್ರೇಕ್ ಕೆಲಸ ಮಾಡುತ್ತದೆ. ಕೆಂಪು ಪೈಪು ಕಳಚಿದಲ್ಲಿ ಅಥವಾ ತುಂಡಾದಲ್ಲಿ, ಟ್ರೇಲರ್‌ನ ಟ್ಯಾಂಕಿನಲ್ಲಿ ಉಳಿದ ಗಾಳಿಯಿಂದ ಬ್ರೇಕ್ ತಾನಾಗಿಯೇ ಹಿಡಿಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಟ್ರ್ಯಾಕ್ಟರ್ ತಯಾರಕರು ಆ ಮಾದರಿಗೆ ನಿಗದಿಪಡಿಸಿದ ಸಾಮಗ್ರಿಯನ್ನೇ ಅಳವಡಿಸತಕ್ಕದ್ದು.
2. ಪೈಪುಗಳನ್ನು ಅದಲುಬದಲು ಮಾಡಬಾರದು.
3. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಏಳದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.
4. ಟ್ಯಾಂಕಿನ ತಳದಲ್ಲಿ ಸೇರುವ ನೀರನ್ನು ಪ್ರತಿದಿನ ಹೊರಬಿಡತಕ್ಕದ್ದು.
5. ಟೈರಿಗೆ ಗಾಳಿ ತುಂಬುವ ಪೈಪು ಮುಂತಾದ ಉಪಕರಣಗಳನ್ನು ಬ್ರೇಕ್ ಟ್ಯಾಂಕಿಗೆ ನೇರವಾಗಿ ಜೋಡಿಸಬಾರದು. ಬ್ರೇಕಿಗೆ ಬೇಕಾದ ಒತ್ತಡವನ್ನು ಉಳಿಸುವ ರಕ್ಷಣಾ ವಾಲ್ವ್ ಮೂಲಕವೇ ಜೋಡಿಸತಕ್ಕದ್ದು.
6. ಟ್ರೇಲರ್ ಹೊರಡುವ ಮುನ್ನ ಹಿಂದಿನ ದೀಪ ಹಾಗೂ ಬ್ರೇಕ್ ದೀಪಗಳನ್ನು ಪರೀಕ್ಷಿಸತಕ್ಕದ್ದು.
7. ಕಳಚಿ ನಿಲ್ಲಿಸಿದ ಟ್ರೇಲರ್‌ನ ಗಾಳಿ ಕ್ರಮೇಣ ಸೋರುವುದರಿಂದ, ಚಕ್ರಗಳಿಗೆ ಅಡ್ಡಗಲ್ಲು ಇಡುವುದು ಅತ್ಯಗತ್ಯ.

ನೋಂದಣಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಟ್ರೇಲರ್ ಸಹ ಮೋಟಾರು ವಾಹನವಾಗಿದ್ದು, ಅದಕ್ಕೆ ಪ್ರತ್ಯೇಕ ನೋಂದಣಿ ಅಗತ್ಯ. ನೋಂದಣಿ ಅರ್ಜಿಯು ನಮೂನೆ 20ರಲ್ಲಿರುತ್ತದೆ. ಈ ಭಾಗದ ಅರ್ಜಿದಾರರು ಬಳ್ಳಾರಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಬಹುದು.