ಮುಖ ಸುಮ್ಮನಿದ್ದರೂ ಚಿತ್ರ ಯಾಕೆ ಕಾಡುತ್ತೆ?

ಚಿತ್ರದಲ್ಲಿರೋ ವ್ಯಕ್ತಿ ನಗ್ತಾ ಇಲ್ಲ, ಅಳ್ತಾನೂ ಇಲ್ಲ, ಸುಮ್ಮನೆ ಕೂತಿದ್ದಾನೆ. ಆದ್ರೂ ನೋಡಿದವರಿಗೆ ಒಂಥರಾ ಆಗುತ್ತೆ. ಆ ಭಾವ ಎಲ್ಲಿಂದ ಬಂತು? ಮುಖದಿಂದ ಅಂತೀವಿ. ಆದರೆ ಬಣ್ಣ ಹಚ್ಚಿದ ರೀತಿ, ಅದಕ್ಕೆ ಹಿಡಿದ ಸಮಯ, ಇವೂ ಭಾವವನ್ನ ಕಟ್ಟುತ್ತವೆ. ಲಂಡನ್ನಿನ ಇಬ್ಬರು ಕಲಾವಿದರನ್ನ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯವರು ಲೂಸಿಯನ್ ಫ್ರಾಯ್ಡ್ (1922–2011). ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಇವರ ಅಜ್ಜ. ಲೂಸಿಯನ್ ಅವರದು ನಿಧಾನದ ಕೆಲಸ, ಮಾಡೆಲ್ ಎದುರಿಗೆ ಇರಬೇಕು. 2002ರಲ್ಲಿ ಕಲಾವಿದ ಡೇವಿಡ್ ಹಾಕ್ನಿಯ ಭಾವಚಿತ್ರಕ್ಕೆ ಅವರನ್ನ ನೂರು ಗಂಟೆಗೂ ಹೆಚ್ಚು ಕೂರಿಸಿದ್ದರು. ಬಳಸ್ತಿದ್ದದ್ದು ಸೀಸದಿಂದ ಮಾಡಿದ, ಗಟ್ಟಿಯಾದ ಕ್ರೆಮ್ನಿಟ್ಸ್ ಬಿಳಿ ಬಣ್ಣ, ಜೊತೆಗೆ ಹಂದಿಕೂದಲಿನ ಗಡಸು ಬ್ರಷ್. ಚರ್ಮ ಬರೆಯುವಾಗ ಬ್ರಷ್ ಒಂದು ಸಲ ಎಳೆದ ಮೇಲೆ ಒರೆಸಿ, ಮತ್ತೆ ಬಣ್ಣ ತಗೊಳ್ತಿದ್ರು. ಹಾಗಾಗಿ ಒಂದು ಕೆನ್ನೆಯಲ್ಲೇ ಕೆಂಪು, ಬೂದು, ಹಳದಿ ಎಲ್ಲಾ ಸಿಗುತ್ತೆ. ಬಣ್ಣ ಪದರ ಪದರವಾಗಿ ಕೂತು ಮೈಗೆ ಭಾರ ಬರುತ್ತೆ. ಗಂಟೆಗಟ್ಟಲೆ ಕೂತವರ ದಣಿವೂ ಅದರಲ್ಲಿ ಸೇರಿಕೊಳ್ಳುತ್ತೆ.

ಎರಡನೆಯವರು ಲಿನೆಟ್ ಯಿಯಾಡಮ್-ಬೊವಾಚಿ. 1977ರಲ್ಲಿ ಲಂಡನ್ನಲ್ಲಿ ಹುಟ್ಟಿದವರು, ತಂದೆತಾಯಿ ಘಾನಾದವರು. 2013ರ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದರು. ಇವರದು ಪೂರ್ತಿ ಉಲ್ಟಾ. ಎದುರಿಗೆ ಮಾಡೆಲ್ ಇಲ್ಲ. ಚಿತ್ರದಲ್ಲಿರೋ ಕಪ್ಪು ಜನರೆಲ್ಲ ಕಲ್ಪನೆಯವರು. ನೆನಪಿನಿಂದ, ಕೂಡಿಟ್ಟ ಚಿತ್ರಗಳಿಂದ ಹುಟ್ಟಿದವರು. ಎಷ್ಟೋ ಕ್ಯಾನ್ವಾಸ್‌ಗಳನ್ನ ಒಂದೇ ದಿನದಲ್ಲಿ ಮುಗಿಸಿದ್ದಾರೆ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬಿದ್ದಾಗ ಅಂಚು ಕರಗುತ್ತೆ, ಭುಜ ಎಲ್ಲಿ ಮುಗೀತು, ನೆರಳು ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಕಾಲಲ್ಲಿ ಶೂ ಕೂಡ ಅಪರೂಪ. ಶೂ ಬರೆದರೆ ಇದು ಯಾವ ಕಾಲ ಅಂತ ಗೊತ್ತಾಗಿಬಿಡುತ್ತಲ್ಲ!

ಇದರಿಂದ ಏನಾಯ್ತು? ಯುರೋಪಿನ ಹಳೆಯ ಚಿತ್ರಗಳಲ್ಲಿ ಕಪ್ಪು ಜನ ಹೆಚ್ಚಾಗಿ ಸೇವಕರಾಗಿ ಒಂದು ಮೂಲೆಯಲ್ಲಿ ನಿಂತಿರ್ತಾರೆ. ಇಲ್ಲಿ ಅವರು ಚಿತ್ರದ ನಡುವೆ ಇದ್ದಾರೆ. ಕೂತಿದ್ದಾರೆ, ಕುಣೀತಿದ್ದಾರೆ, ಯೋಚಿಸ್ತಿದ್ದಾರೆ. ಹೆಸರು, ಊರು, ಕಷ್ಟ ಯಾವುದನ್ನೂ ನಮಗೆ ಹೇಳಬೇಕಾಗಿಲ್ಲ. ಆ ನಿರಾಳತೆಯನ್ನ ಕಟ್ಟಿದ್ದು ಬೇಗ ಬೇಗ ಓಡಿದ ಬ್ರಷ್, ಕರಗಿದ ಅಂಚು.

ಈಗ ನಿಮ್ಮ ಫೋನ್ ವಿಷಯ. ಸ್ಕ್ರೀನಲ್ಲಿ ಫ್ರಾಯ್ಡ್ ಅವರ ದಪ್ಪ ಬಣ್ಣ ಚಪ್ಪಟೆಯಾಗುತ್ತೆ, ಲಿನೆಟ್ ಅವರ ಹತ್ತಾರು ಕಂದುಗಳು ಒಂದೇ ಕಪ್ಪಾಗಿ ಕಾಣಬಹುದು. ಹಾಗಾಗಿ ಬ್ರೈಟ್ನೆಸ್ ಏರಿಸಿ. ಕಣ್ಣನ್ನ ಬಿಟ್ಟು, ಕೆನ್ನೆ ಮತ್ತು ಹಿನ್ನೆಲೆ ಸೇರೋ ಜಾಗವನ್ನ ಝೂಮ್ ಮಾಡಿ. ಅಂಚು ಚೂಪಾಗಿದೆಯಾ, ಕರಗಿದೆಯಾ? ಬಣ್ಣ ಗುಡ್ಡೆಯಾಗಿದೆಯಾ, ತೆಳುವಾಗಿ ಹರಿದಿದೆಯಾ? ಇದಕ್ಕೆ ಒಂದು ದಿನ ಹಿಡಿದಿರಬಹುದಾ, ತಿಂಗಳುಗಳಾ? ಈ ಪ್ರಶ್ನೆಗಳ ಜೊತೆ ಐದು ನಿಮಿಷ ಇರಿ. ಆಮೇಲೆ ಮತ್ತೆ ಮುಖ ನೋಡಿ.

ನಿಮ್ಮನ್ನ ಕಾಡಿದ ಚಿತ್ರ ಯಾವುದು, ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.